ಅನ್ನವಿಕ್ಕುವ ಕೈಗೆ ಶಿಕ್ಷಣ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆ ಗಾದೆ ಹುಟ್ಟಿದ ಕಾಲದಲ್ಲಿ ಉಣ್ಣುವವರೂ ಅಡುವವರೂ ಬಹುಮಟ್ಟಿಗೆ ಒಂದೇ ಸೂರಿನ ಕೆಳಗಿದ್ದವರು. ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು ಎಂಬಷ್ಟನ್ನು ತಿಳಿದವನು ಆರೋಗ್ಯವಾಗಿರಬಹುದಾಗಿತ್ತು. ಇಂದು ಬೆಳಗಿನ ಇಡ್ಲಿ ಹೋಟೆಲಿನದು. ಮಧ್ಯಾಹ್ನದ ಊಟ ಕಚೇರಿಯ ಕ್ಯಾಂಟೀನಿನದು, ಮಕ್ಕಳಿಗಾದರೆ ಶಾಲೆಯ ಬಿಸಿಯೂಟ. ಸಂಜೆಯ ಕುರುಕಲು ಬೇಕರಿಯದು. ಲಗ್ನದ ದಿನಗಳಲ್ಲಂತೂ ಊಟವೆಂದರೆ ಛತ್ರದ ಪಂಕ್ತಿಯೇ. ಉಣ್ಣುವವನು ಎಷ್ಟೇ ಬಲ್ಲವನಾಗಿರಲಿ, ಅಡುಗೆಮನೆಯ ಗೋಡೆಯಾಚೆ ಏನು ನಡೆಯಿತೆಂಬುದನ್ನು ಬಲ್ಲವನಲ್ಲ. ಅವನ ಆರೋಗ್ಯವು ತಾನು ಎಂದೂ ಕಾಣದ ಒಂದು ಜೊತೆ ಕೈಗಳಲ್ಲಿದೆ. ಆ ಕೈಗಳಿಗೆ ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು, ಕಲಿಸಿದುದು ಕೆಲವೊಮ್ಮೆ ಏಕೆ ನಿಲ್ಲುವುದಿಲ್ಲ ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಕೇಳುಗರ ಮುಂದಿಡಬೇಕೆಂದಿದ್ದೇನೆ.

ಅಡುಗೆಯವರಿಗೆ ಶುಚಿತ್ವದ ನಿಯಮಗಳನ್ನು ವಿಧಿಸುವುದು ಹೊಸ ಕಾಲದ ಕಲ್ಪನೆಯೆಂದು ತಿಳಿಯಬೇಕಾಗಿಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದ ಮೊದಲ ಅಧ್ಯಾಯದಲ್ಲಿ ಅರಸನ ಅಡುಗೆಮನೆ ಹೇಗಿರಬೇಕೆಂಬ ವಿವರಣೆ ಬರುತ್ತದೆ. ಆ ಮನೆ ವಿಶಾಲವಾಗಿರಬೇಕು, ಶುಚಿಯಾಗಿರಬೇಕು, ಕಿಟಕಿಗಳಿಗೆ ಜಾಲಂಧ್ರಗಳಿರಬೇಕು, ಪಾತ್ರೆಗಳು ನಿರ್ಮಲವಾಗಿರಬೇಕು, ಆಪ್ತರಲ್ಲದವರು ಒಳಗೆ ಸುಳಿಯಕೂಡದು. ಅಡುಗೆಯವರು ಕೂದಲು ಉಗುರುಗಳನ್ನು ಕತ್ತರಿಸಿಕೊಂಡು, ಮಿಂದು, ತಲೆಗೆ ರುಮಾಲು ಸುತ್ತಿ, ಸಂಯಮದಿಂದ ಕೆಲಸ ಮಾಡಬೇಕು. ಇಷ್ಟರ ಮೇಲೆ ವೈದ್ಯನ ಎಚ್ಚರದ ಕಣ್ಣೂ ಇರಬೇಕು. ಭಾರತ ಸರ್ಕಾರವು 2011ರಲ್ಲಿ ಹೊರಡಿಸಿದ ಆಹಾರ ಪರವಾನಗಿ ನಿಯಮಾವಳಿಯ ನಾಲ್ಕನೆಯ ಅನುಸೂಚಿಯನ್ನು ತೆರೆದು ನೋಡಿದರೆ ಅಲ್ಲಿಯೂ ಕತ್ತರಿಸಿದ ಉಗುರು, ಮುಚ್ಚಿದ ತಲೆ, ಶುದ್ಧವಾದ ಉಡುಪು, ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ಇವೇ ಕಾಣಸಿಗುತ್ತವೆ. ಎರಡರ ನಡುವೆ ಎಷ್ಟೋ ಶತಮಾನಗಳ ಅಂತರವಿದೆ. ಆದರೆ ಉಗುರು ಉಗುರೇ, ಕೂದಲು ಕೂದಲೇ.

ವ್ಯತ್ಯಾಸವಿರುವುದು ಬೇರೆ ಕಡೆ. ಆ ಕಟ್ಟುನಿಟ್ಟು ಒಬ್ಬ ಅರಸನಿಗಾಗಿ; ಶತ್ರುಗಳು ಅವನ ಅನ್ನದಲ್ಲಿ ವಿಷವಿಕ್ಕಿಯಾರೆಂಬ ಭಯದಿಂದ. ಇಂದಿನ ನಿಯಮ ಹೋಟೆಲಿನ ಮೇಜಿನ ಮುಂದೆ ಕುಳಿತ ಪ್ರತಿಯೊಬ್ಬನಿಗಾಗಿ. ಅಂದಿನ ಶತ್ರು ಕಣ್ಣಿಗೆ ಕಾಣುವ ಮನುಷ್ಯ; ಇಂದು ನಮಗೆ ತಿಳಿದಿರುವ ಶತ್ರು ಕಣ್ಣಿಗೆ ಕಾಣದ ಜೀವಾಣು. ಅದನ್ನು ತಟ್ಟೆಗೆ ತಂದಿಕ್ಕುವವನಿಗೆ ದ್ವೇಷವಿರುವುದಿಲ್ಲ. ಎಷ್ಟೋ ವೇಳೆ ತಾನು ತರುತ್ತಿದ್ದೇನೆಂಬ ಅರಿವೂ ಇರುವುದಿಲ್ಲ. ಆದುದರಿಂದಲೇ ಇಲ್ಲಿ ಕಾವಲಿಗಿಂತ ಶಿಕ್ಷಣ ಮುಖ್ಯವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಕೆಟ್ಟ ಆಹಾರದಿಂದ ಜಗತ್ತಿನಲ್ಲಿ ಒಂದು ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ. 4,20,000 ಮಂದಿ ಸಾಯುತ್ತಾರೆ. ಹಾಗೆ ಸಾಯುವವರಲ್ಲಿ 1,25,000 ಮಂದಿ ಐದು ವರ್ಷ ತುಂಬದ ಮಕ್ಕಳು.

ಹಾಗಾದರೆ ಅಡುಗೆಯವರು ಕಲಿಯಬೇಕಾದುದು ಏನು? ವಿಶ್ವ ಆರೋಗ್ಯ ಸಂಸ್ಥೆ ಅದನ್ನು 2001ರಲ್ಲಿ ಐದು ಮಾತುಗಳಲ್ಲಿ ಅಡಕಗೊಳಿಸಿತು. ಶುಚಿಯಾಗಿರಿ, ಹಸಿಯದನ್ನೂ ಬೆಂದುದನ್ನೂ ಬೇರೆ ಬೇರೆ ಇಡಿ, ಚೆನ್ನಾಗಿ ಬೇಯಿಸಿ, ತಕ್ಕ ಬಿಸಿಯಲ್ಲಿ ಇಲ್ಲವೆ ತಕ್ಕ ತಂಪಿನಲ್ಲಿ ಇಡಿ, ನೀರೂ ಪದಾರ್ಥಗಳೂ ಒಳ್ಳೆಯವಾಗಿರಲಿ. ಕೇಳಲು ಇವು ಅಜ್ಜಿಯ ಮಾತುಗಳಂತಿವೆ. ಅಜ್ಜಿ ಹೇಳದಿದ್ದುದು ಇವುಗಳ ಕಾರಣ. ಆ ಕಾರಣಗಳಲ್ಲಿಯೇ ಈ ಶಿಕ್ಷಣದ ಸಾರವೆಲ್ಲ ಅಡಗಿದೆ.

ಒಂದು ಲೆಕ್ಕವನ್ನು ನೋಡೋಣ. ಬೆಚ್ಚಗಿನ ಅನ್ನದಲ್ಲಿ ಬಿದ್ದ ಜೀವಾಣು, ಅನುಕೂಲ ದೊರೆತರೆ, ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಗಂಟೆಗೆ ಮೂರು ಸಲ ಇಮ್ಮಡಿಯಾದರೆ ಒಂದು ಎಂಟಾಗುತ್ತದೆ. ಏಳು ಗಂಟೆಗಳಲ್ಲಿ ಇಮ್ಮಡಿಗಳ ಸಂಖ್ಯೆ 21; ಒಂದೇ ಒಂದು ಜೀವಾಣು 20 ಲಕ್ಷವನ್ನು ದಾಟುತ್ತದೆ. ಚದುರಂಗದ ಮನೆಗಳಲ್ಲಿ ಅಕ್ಕಿಕಾಳನ್ನು ಇಮ್ಮಡಿಸುತ್ತ ಹೋದ ಹಳೆಯ ಕಥೆಯಲ್ಲಿ ಅರಸನ ಕಣಜ ಬರಿದಾಯಿತು. ಇಲ್ಲಿ ಕೊಪ್ಪರಿಗೆ ತುಂಬುತ್ತದೆ, ಅಷ್ಟೆ. ಈ ವೃದ್ಧಿ ನಡೆಯುವುದು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ. ನಮ್ಮ ಊರುಗಳ ಹವೆಯೆಲ್ಲವೂ ಇದರ ನಟ್ಟನಡುವೆ ಇದೆ. ಮುಂಜಾನೆ ನಾಲ್ಕಕ್ಕೆ ಕಲಸಿಟ್ಟ ಚಿತ್ರಾನ್ನವನ್ನು ಮಧ್ಯಾಹ್ನದ ಮೂರನೆಯ ಪಂಕ್ತಿಗೆ ಬಡಿಸಿದಾಗ ಆದ ತೊಂದರೆಗೆ ದೃಷ್ಟಿಯನ್ನೋ ಗ್ರಹವನ್ನೋ ದೂರಬೇಕಾಗಿಲ್ಲ. ಗಡಿಯಾರವನ್ನು ನೋಡಿದರೆ ಸಾಕು.

ಇಲ್ಲೊಂದು ತಪ್ಪು ತಿಳಿವಳಿಕೆ ಅಡ್ಡ ಬರುತ್ತದೆ. ಹಾಗಿದ್ದರೆ ಮತ್ತೊಮ್ಮೆ ಕುದಿಸಿಬಿಟ್ಟರಾಯಿತಲ್ಲ ಎಂದು ಅನುಭವಿಗಳಾದ ಅಡುಗೆಯವರೇ ಕೇಳುತ್ತಾರೆ. ಕುದಿತವು ಜೀವಾಣುವನ್ನು ಕೊಲ್ಲುತ್ತದೆ, ನಿಜ. ಆದರೆ ಕೆಲವು ಜೀವಾಣುಗಳು ಸಾಯುವ ಮುನ್ನ ಅನ್ನದಲ್ಲಿ ತಮ್ಮ ವಿಷವನ್ನು ಬಿಟ್ಟಿರುತ್ತವೆ. ಸ್ಟೆಫೈಲೊಕಾಕಸ್ ಎಂಬುದು ಆರೋಗ್ಯವಂತರ ಮೂಗಿನಲ್ಲಿ, ಚರ್ಮದ ಮೇಲೆ, ಕೈಯ ಗಾಯ ಕುರುಗಳಲ್ಲಿ ವಾಸಿಸುವಂಥದು. ಅದು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಉಂಡ ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಸುತ್ತದೆ. ಬೆಸಿಲಸ್ ಸೀರಿಯಸ್ ಎಂಬ ಇನ್ನೊಂದು ಅಕ್ಕಿಯಲ್ಲಿಯೇ ಬೀಜರೂಪದಲ್ಲಿರುತ್ತದೆ. ಅನ್ನ ಬೆಂದರೂ ಆ ಬೀಜ ಸಾಯದು. ಅನ್ನ ಮೆಲ್ಲಗೆ ಆರುತ್ತಿರುವಾಗ ಮೊಳೆತು ಬೆಳೆದು, ಅದೂ ವಿಷವನ್ನು ಬಿಡುತ್ತದೆ. ಆ ವಿಷವೂ ಮತ್ತೆ ಬಿಸಿ ಮಾಡಿದರೆ ಹೋಗುವಂಥದಲ್ಲ. ಇದನ್ನು ಅರಿತವರು ಉಳಿದ ಅಡುಗೆಯನ್ನು ಕೊಪ್ಪರಿಗೆಯಲ್ಲಿಯೇ ಮುಚ್ಚಿಡುವುದಿಲ್ಲ. ಅಗಲವಾದ, ಆಳವಿಲ್ಲದ ತಟ್ಟೆಗಳಿಗೆ ಹರಡಿ, ಎರಡು ಗಂಟೆಯೊಳಗೆ 60 ಡಿಗ್ರಿಯಿಂದ 21ಕ್ಕೂ, ಮುಂದಿನ ನಾಲ್ಕು ಗಂಟೆಯೊಳಗೆ 5ಕ್ಕೂ ಇಳಿಸಿ, ತಣ್ಣನೆಯ ಪೆಟ್ಟಿಗೆಯಲ್ಲಿಡುತ್ತಾರೆ. ದೊಡ್ಡ ಹಂಡೆಯ ಸಾಂಬಾರು ಮೇಲೆ ಆರಿದಂತೆ ಕಂಡರೂ ಒಡಲಲ್ಲಿ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಹಂಡೆಯ ಮುಚ್ಚಳವನ್ನು ಭದ್ರವಾಗಿ ಮುಚ್ಚಿಟ್ಟವನು ನೊಣದಿಂದ ಅನ್ನವನ್ನು ಕಾಪಾಡಿದ, ಕಾವಿನಿಂದ ಕಾಪಾಡಲಿಲ್ಲ.

ಕಾರಣವನ್ನು ತಿಳಿಸದೆ ಬರಿಯ ಆಜ್ಞೆಯಿಂದ ಆಗುವ ಅನಾಹುತಕ್ಕೆ ವೈದ್ಯಕೀಯ ಚರಿತ್ರೆಯಲ್ಲಿ ಪ್ರಸಿದ್ಧವಾದ ನಿದರ್ಶನವೊಂದಿದೆ. ಮೇರಿ ಮ್ಯಾಲನ್ ಎಂಬಾಕೆ ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದವಳು. ನ್ಯೂಯಾರ್ಕಿನ ಶ್ರೀಮಂತರ ಮನೆಗಳಲ್ಲಿ ಅಡುಗೆಯವಳಾಗಿದ್ದಳು. 1906ರ ಬೇಸಿಗೆಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಮನೆಯ 11 ಜನರಲ್ಲಿ 6 ಮಂದಿಗೆ ವಿಷಮಶೀತ ಜ್ವರ ಬಂದಿತು. ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ತಜ್ಞ ಅವಳ ಹಿಂದಿನ ಕೆಲಸಗಳ ಜಾಡು ಹಿಡಿದು ಹೋದಾಗ, ಅವಳಿದ್ದ ಮನೆಗಳಲ್ಲೆಲ್ಲ ಹೆಚ್ಚುಕಡಿಮೆ ಜ್ವರವೂ ಇದ್ದಿತು. ಅವಳಿಗೆ ಮಾತ್ರ ಜ್ವರದ ಲಕ್ಷಣವೇ ಇರಲಿಲ್ಲ. ರೋಗವಿಲ್ಲದ ದೇಹ ರೋಗವನ್ನು ಹೊತ್ತು ತಿರುಗಬಹುದೆಂಬುದು ಆಗ ವೈದ್ಯರಿಗೇ ಹೊಸ ಸಂಗತಿ. ಅವಳು ಬೇಯಿಸಿದ ಅಡುಗೆಗಿಂತ ಹಸಿ ಹಣ್ಣನ್ನು ಹೆಚ್ಚಿ ಹಾಕಿ ಮಾಡುತ್ತಿದ್ದ ಐಸ್‌ಕ್ರೀಮೇ ರೋಗವನ್ನು ಹರಡಿರಬೇಕೆಂದು ಸೋಪರ್ ಊಹಿಸಿದ; ಕೈಯ ಜೀವಾಣುವನ್ನು ಕೊಲ್ಲಲು ಅಲ್ಲಿ ಬೆಂಕಿಯ ಸಹಾಯವಿರಲಿಲ್ಲ.

ಸೋಪರ್ ಅಡುಗೆಮನೆಗೇ ಹೋಗಿ, ನಿನ್ನಿಂದ ರೋಗ ಹರಡುತ್ತಿದೆ, ನಿನ್ನ ಮಲಮೂತ್ರ ರಕ್ತಗಳನ್ನು ಪರೀಕ್ಷೆಗೆ ಕೊಡು ಎಂದ. ಮೇರಿ ಮಾಂಸ ಕತ್ತರಿಸುವಾಗ ಬಳಸುವ ಮುಳ್ಳುಚಮಚವನ್ನು ಹಿಡಿದು ಅವನನ್ನು ಅಟ್ಟಿದಳು. 1907ರಲ್ಲಿ ಅಧಿಕಾರಿಗಳು ಅವಳನ್ನು ಹಿಡಿದು ಒಂದು ದ್ವೀಪದಲ್ಲಿರಿಸಿದರು. 1910ರಲ್ಲಿ, ಇನ್ನು ಮುಂದೆ ಅಡುಗೆಯ ಕೆಲಸಕ್ಕೆ ಹೋಗಕೂಡದೆಂಬ ಕರಾರಿನ ಮೇಲೆ ಬಿಟ್ಟರು. ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಅಡುಗೆಯಲ್ಲಿ ಬರುತ್ತಿದ್ದ ಸಂಬಳ ಅದರಲ್ಲಿ ಬರಲಿಲ್ಲ. ತನ್ನಲ್ಲಿ ರೋಗವಿದೆಯೆಂಬುದನ್ನು ಅವಳು ಕೊನೆಯವರೆಗೂ ನಂಬಲಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೆ ಸೇರಿದಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಮಂದಿಗೆ ಜ್ವರ ಬಂದು ಇಬ್ಬರು ತೀರಿಕೊಂಡಾಗ ಸಿಕ್ಕಿಬಿದ್ದಳು. ಆ ಬಳಿಕ 1938ರಲ್ಲಿ ಸಾಯುವವರೆಗೆ, 23 ವರ್ಷ, ಅದೇ ದ್ವೀಪವೇ ಅವಳ ಮನೆಯಾಯಿತು. ಇತಿಹಾಸ ಅವಳಿಗೆ ಟೈಫಾಯ್ಡ್ ಮೇರಿ ಎಂಬ ಹೆಸರನ್ನು ಕಟ್ಟಿ ಕೈತೊಳೆದುಕೊಂಡಿತು. ಆದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಅವಳು ನಂಬುವಂತೆ, ಅವಳಿಗೆ ತಿಳಿಯುವ ಮಾತಿನಲ್ಲಿ, ಗೌರವದಿಂದ ವಿಷಯವನ್ನು ವಿವರಿಸಿದವರು ಯಾರು? ಅಡುಗೆಯನ್ನು ಬಿಡು ಎಂದವರು ಹೊಟ್ಟೆಗೆ ಏನು ದಾರಿ ತೋರಿಸಿದರು? ಆಹಾರೋದ್ಯಮದ ಕೆಲಸಗಾರರ ಶಿಕ್ಷಣವೆಂಬುದು ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವ ಕೆಲಸವೆಂದೇ ನನ್ನ ತಿಳಿವಳಿಕೆ.

ಅಪನಂಬಿಕೆ ಓದದವರ ಗುಣವೆಂದು ಯಾರೂ ಭಾವಿಸಬಾರದು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಬಾಣಂತಿಯರನ್ನು ಮುಟ್ಟುವ ಮುನ್ನ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದ. ಸಾವುಗಳು ಗಣನೀಯವಾಗಿ ಇಳಿದವು. ಆದರೂ ಆ ಕಾಲದ ಅನೇಕ ದೊಡ್ಡ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ತಮ್ಮ ಕೈ ಕೊಳೆಯೆಂದರೆ ಯಾರಿಗೆ ತಾನೆ ರುಚಿಸೀತು? ವೈದ್ಯರ ಪಾಡೇ ಹೀಗಿರುವಾಗ, ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಒಲೆಯ ಮುಂದೆ ನಿಲ್ಲುವವನನ್ನು ಗದರಿಸಿ ಕೈ ತೊಳೆಸಬಹುದೆಂಬುದು ಭ್ರಮೆ.

ನಮ್ಮ ದೇಶದಲ್ಲಿ ಈ ಶಿಕ್ಷಣಕ್ಕೆ ವ್ಯವಸ್ಥೆಯಿಲ್ಲವೆಂದಲ್ಲ. 1954ರ ಕಲಬೆರಕೆ ತಡೆ ಕಾಯಿದೆ ಮುಖ್ಯವಾಗಿ ಕಲಬೆರಕೆದಾರನನ್ನು ಹಿಡಿಯಲು ಹೊರಟದ್ದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಅದಕ್ಕಿಂತ ವ್ಯಾಪಕವಾಗಿ, ಆಹಾರ ಸಿದ್ಧವಾಗುವ ಇಡೀ ದಾರಿಯನ್ನು ನೋಡುತ್ತದೆ. ಅದರಡಿ ಸ್ಥಾಪಿತವಾದ ಪ್ರಾಧಿಕಾರವು 2017ರಲ್ಲಿ ತರಬೇತಿ ಮತ್ತು ಪ್ರಮಾಣಪತ್ರದ ಯೋಜನೆಯೊಂದನ್ನು ಆರಂಭಿಸಿತು. ಇಪ್ಪತ್ತೈದು ಮಂದಿ ಕೆಲಸಗಾರರಿಗೆ ತರಬೇತಿ ಪಡೆದ ಮೇಲ್ವಿಚಾರಕನೊಬ್ಬನಾದರೂ ಇರಬೇಕು. ಅವನು ಉಳಿದವರಿಗೆ ಕಲಿಸಬೇಕು ಎಂಬುದು ಅದರ ಆಶಯ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ನಡೆಯುತ್ತಿರುವ ಕೇಂದ್ರೀಯ ಆಹಾರ ಸಂಶೋಧನಾಲಯವೂ ಈ ವಿದ್ಯೆಯನ್ನು ಬಹುಕಾಲದಿಂದ ಕಲಿಸುತ್ತ ಬಂದಿದೆ.

ಇಂದಿನ ತರಬೇತಿಗಳಲ್ಲಿ ಹೇಳಿಕೊಡುವ ಮುಖ್ಯ ವಿಧಾನವೊಂದರ ಹುಟ್ಟು ಸ್ವಾರಸ್ಯವಾದುದು. 1960ರ ದಶಕದಲ್ಲಿ ಅಮೆರಿಕದ ಗಗನಯಾತ್ರಿಗಳಿಗೆ ಆಹಾರವನ್ನು ಸಿದ್ಧಪಡಿಸುತ್ತಿದ್ದವರಿಗೆ ಒಂದು ಸಮಸ್ಯೆ ಎದುರಾಯಿತು. ಆಕಾಶದಲ್ಲಿ ವಾಂತಿಭೇದಿಯಾದರೆ ಗತಿಯಿಲ್ಲ. ಆಹಾರ ಸಂಪೂರ್ಣ ನಿರ್ದೋಷವಾಗಿರಬೇಕು. ಆದರೆ ಪೊಟ್ಟಣವನ್ನು ಒಡೆದು ಪರೀಕ್ಷಿಸಿದರೆ ಆ ಪೊಟ್ಟಣ ಹಾಳು. ಎಲ್ಲವನ್ನೂ ಪರೀಕ್ಷಿಸಿದರೆ ಉಣ್ಣಲು ಏನೂ ಉಳಿಯದು. ಆಗ ಅವರು ಕೊನೆಯಲ್ಲಿ ಪರೀಕ್ಷಿಸುವುದರ ಬದಲು, ತಯಾರಿಕೆಯ ಯಾವ ಯಾವ ಹೆಜ್ಜೆಯಲ್ಲಿ ಕೇಡು ಒಳಗೆ ಬರಬಹುದೆಂದು ಮೊದಲೇ ಪಟ್ಟಿ ಮಾಡಿ, ಆ ಹೆಜ್ಜೆಗಳಲ್ಲಿಯೇ ಕಾವಲಿಟ್ಟರು. ಹ್ಯಾಸಪ್ ಎಂದು ಕರೆಯುವ ಈ ಕ್ರಮ ಮುಂದೆ ಜಗತ್ತಿನ ಆಹಾರೋದ್ಯಮಕ್ಕೆಲ್ಲ ಮಾದರಿಯಾಯಿತು. ಛತ್ರದ ಅಡುಗೆಗೆ ಇದನ್ನು ಅನ್ವಯಿಸಿದರೆ ತಿಳಿಯುವುದು ಸುಲಭ. ಕೋಸಂಬರಿ ಬೇಯುವುದಿಲ್ಲ, ಆದುದರಿಂದ ಅಲ್ಲಿ ನೀರೂ ಕೈಯೂ ಕಾವಲು ನಿಲ್ಲಬೇಕಾದ ಸ್ಥಳ. ಸಾರು ಕುದಿಯುತ್ತದೆ, ಅಲ್ಲಿ ಭಯ ಕಡಿಮೆ. ತೆಂಗಿನಕಾಯಿಯ ಚಟ್ನಿಗೆ ಗಡಿಯಾರವೇ ಕಾವಲುಗಾರ. ಪಾಯಸಕ್ಕೆ ಹಾಲು ಯಾವಾಗ ಬಂದಿತು, ಎಲ್ಲಿಟ್ಟಿತ್ತು ಎಂಬುದೇ ಪ್ರಶ್ನೆ.

ಈ ವಿದ್ಯೆಯನ್ನು ಹೇಳಿಕೊಡುವ ಭಾಷೆಯನ್ನು ಕುರಿತು ನಾಲ್ಕು ಮಾತುಗಳನ್ನಾಡುವುದು ಕನ್ನಡದ ಮೇಷ್ಟರಾದ ನನ್ನ ಕರ್ತವ್ಯ. ನಿವೃತ್ತನಾದ ಬಳಿಕ ಒಮ್ಮೆ, ಅಡುಗೆಯವರ ತರಬೇತಿಗಾಗಿ ಸಿದ್ಧವಾದ ಕೈಪಿಡಿಯೊಂದರ ಕನ್ನಡವನ್ನು ನೋಡಿಕೊಡಬೇಕೆಂದು ಕೆಲವರು ಕೇಳಿದರು. ಅದರಲ್ಲಿ ‘ಅಡ್ಡ ಮಾಲಿನ್ಯ’, ‘ಅಪಾಯಕಾರಿ ತಾಪಮಾನ ವಲಯ’, ‘ವೈಯಕ್ತಿಕ ನೈರ್ಮಲ್ಯ ಪರಿಪಾಲನೆ’ ಎಂಬಂಥ ಪದಗಳಿದ್ದವು. ಯಾವುದೂ ತಪ್ಪಲ್ಲ, ಯಾವುದೂ ಅಡುಗೆಮನೆಯ ಮಾತಲ್ಲ. ತರಬೇತಿಯ ದಿನ ನಾನೂ ಹೋಗಿ ಕುಳಿತಿದ್ದೆ. ಶಾಲೆಯ ಬಿಸಿಯೂಟದ ಅಡುಗೆಯಾಕೆಯೊಬ್ಬರು ಎದ್ದು, “ಮೇಷ್ಟ್ರೇ, ಅಡ್ಡ ಅಂದರೆ ಪಾತ್ರೇನ ಮಲಗಿಸಿ ಇಡೋದಾ?” ಎಂದು ಕೇಳಿದರು. ಒಂದಿಷ್ಟು ನಗು ಎದ್ದಿತು. ಹಸಿಯ ತರಕಾರಿ ಮಾಂಸಗಳ ಕೊಳೆ ಬೆಂದ ಅಡುಗೆಗೆ ತಾಕಬಾರದೆಂಬುದೇ ಅದರ ಅರ್ಥವೆಂದು ವಿವರಿಸಿದಾಗ ಆಕೆ, “ಹಂಗನ್ನಿ. ನಮ್ಮಲ್ಲಿ ಮುಸುರೆ ಅಂತಾರಲ್ಲ, ಅದನ್ನ ತಿರುಗಿಸಿ ಹೇಳ್ತಿದೀರಿ” ಎಂದರು.

ಈ ಮಾತನ್ನು ನಾನು ಆಮೇಲೆ ಬಹಳ ದಿನ ಯೋಚಿಸಿದ್ದೇನೆ. ಅನ್ನದ ಪಾತ್ರೆಯನ್ನು ಮುಟ್ಟಿದ ಕೈಯಿಂದ ಉಪ್ಪಿನಕಾಯಿ ಜಾಡಿಯನ್ನೋ ಮೊಸರಿನ ಗಡಿಗೆಯನ್ನೋ ಮುಟ್ಟಬಾರದು, ಅದು ಮುಸುರೆ, ಕೈ ತೊಳೆದೇ ಮುಟ್ಟಬೇಕು ಎಂಬ ಆಚಾರ ಅನೇಕ ಮನೆಗಳಲ್ಲಿತ್ತು. ಬೆಂದುದರ ಸೋಂಕಿನಿಂದ ಕೂಡಿಟ್ಟುದನ್ನು ಅದು ಕಾಪಾಡುತ್ತಿತ್ತು. ಇಂದಿನ ವಿಜ್ಞಾನ ಹಸಿಯದರ ಸೋಂಕಿನಿಂದ ಬೆಂದುದನ್ನು ಕಾಪಾಡು ಎನ್ನುತ್ತದೆ. ದಿಕ್ಕು ಬೇರೆ, ಮುಟ್ಟಿದುದರಿಂದ ಮುಟ್ಟಿದುದಕ್ಕೆ ಏನೋ ದಾಟುತ್ತದೆ, ನಡುವೆ ನೀರಿರಬೇಕು ಎಂಬ ಅರಿವು ಒಂದೇ. ಎಂಜಲು, ಮುಸುರೆ, ತಂಗಳು, ಹಳಸಲು ಎಂಬ ಪದಗಳಲ್ಲಿ ಎಷ್ಟೋ ತಲೆಮಾರುಗಳ ಎಚ್ಚರಿಕೆ ಕೂಡಿಕೊಂಡಿದೆ. ಕೈಪಿಡಿ ಅಲ್ಲಿಂದ ಹೊರಟಿದ್ದರೆ ಅರ್ಧ ದಾರಿ ಆಗಲೇ ಸವೆದಿರುತ್ತಿತ್ತು. ಹಾಗೆಂದು ಮಡಿಯೇ ನೈರ್ಮಲ್ಯವೆಂದು ಬೀಗುವುದೂ ಸಲ್ಲದು. ಮಡಿಯುಟ್ಟವರ ಬೆರಳಿನಲ್ಲಿ ಕುರುವಿದ್ದರೆ ಜೀವಾಣು ಮಡಿಯನ್ನು ಲೆಕ್ಕಿಸದು. ಮಡಿಯ ಹೆಸರಿನಲ್ಲಿ ಮನುಷ್ಯರನ್ನೇ ದೂರವಿಟ್ಟ ಪದ್ಧತಿಗೆ ಶುಚಿತ್ವದ ಸಮರ್ಥನೆಯೂ ಇಲ್ಲ. ಒದ್ದೆ ಮಸಿಬಟ್ಟೆಯೊಂದರಿಂದಲೇ ಮೇಜು, ತಟ್ಟೆ, ಕೈ ಎಲ್ಲವನ್ನೂ ಒರೆಸುವ ಅಭ್ಯಾಸ ಮಡಿಯವರಲ್ಲಿಯೂ ಉಂಟು, ಇಲ್ಲದವರಲ್ಲಿಯೂ ಉಂಟು. ಈಚೆಗೆ ಬಂದ ಕೈಚೀಲವೂ, ಅಂದರೆ ಗ್ಲೌಸೂ, ಒಂದು ಹೊಸ ಮಡಿಯಾಗಿದೆ. ಅದೇ ಗ್ಲೌಸಿನಲ್ಲಿ ಚಿಲ್ಲರೆ ಎಣಿಸಿ ಅದೇ ಗ್ಲೌಸಿನಲ್ಲಿ ದೋಸೆ ಮಡಿಸಿದರೆ ಅದರಿಂದ ಫಲವೇನು? ಸಾಬೂನು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆದ ಬರಿಗೈ ಅದಕ್ಕಿಂತ ಎಷ್ಟೋ ಮೇಲು.

ಭಾಷೆಯ ಮಾತು ಕನ್ನಡಕ್ಕೇ ನಿಲ್ಲುವುದಿಲ್ಲ. ಬೆಂಗಳೂರಿನ ಹೋಟೆಲುಗಳ ಒಳಮನೆಗಳಲ್ಲಿ ಇಂದು ಬಿಹಾರ, ಒಡಿಶಾ, ಅಸ್ಸಾಂ, ನೇಪಾಳಗಳಿಂದ ಬಂದ ಹುಡುಗರಿದ್ದಾರೆ. ಅವರಿಗೆ ಅವರ ನುಡಿಯಲ್ಲಿಯೇ ತಿಳಿಸಬೇಕು. ಗೋಡೆಗೆ ಅಂಟಿಸಿದ ಕನ್ನಡದ ಫಲಕ ನಮ್ಮ ಅಭಿಮಾನವನ್ನು ತಣಿಸೀತು. ಅವರ ಕೈಯನ್ನು ತೊಳೆಸಲಾರದು.

ತಿಳಿಸುವುದು ಒಂದು ಭಾಗ. ತಿಳಿದವನು ತಿಳಿದಂತೆ ನಡೆಯಲು ಬಿಡುವುದು ಇನ್ನೊಂದು ಭಾಗ. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಡ ಮಕ್ಕಳಲ್ಲಿ 23 ಮಂದಿ ಸತ್ತುಹೋದರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತೆಂದು ಪರೀಕ್ಷೆಯಿಂದ ತಿಳಿಯಿತು. ಎಣ್ಣೆಯ ಬಣ್ಣ, ವಾಸನೆ ಬೇರೆಯಾಗಿದೆಯೆಂದು ಅಡುಗೆಯಾಕೆ ಹೇಳಿದ್ದರೆಂದೂ, ಅದನ್ನೇ ಬಳಸಬೇಕೆಂದು ಅವರಿಗೆ ಹೇಳಲಾಯಿತೆಂದೂ ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆಕೆಯ ಮೂಗಿಗೆ ಯಾವ ತರಬೇತಿಯೂ ಬೇಕಾಗಿರಲಿಲ್ಲ. ಬೇಕಾಗಿದ್ದುದು, ಇದನ್ನು ನಾನು ಒಲೆಗೆ ಹಾಕುವುದಿಲ್ಲ ಎನ್ನುವ ಅಧಿಕಾರ. ಸೌಟು ಹಿಡಿದವರಿಗೆ ಆ ಅಧಿಕಾರವಿಲ್ಲದಿದ್ದರೆ ಪ್ರಮಾಣಪತ್ರ ಗೋಡೆಯ ಅಲಂಕಾರವಾದೀತು, ಅಷ್ಟೆ.

ಇದೇ ಅಧಿಕಾರದ ಇನ್ನೊಂದು ಮುಖ ಕಾಯಿಲೆಯ ರಜೆ. ಭೇದಿ, ವಾಂತಿ, ಕಾಮಾಲೆ, ಜ್ವರ, ಕೀವುಗಟ್ಟಿದ ಗಾಯ ಇವುಗಳಿರುವವರು ಆಹಾರವನ್ನು ಮುಟ್ಟಕೂಡದೆಂಬುದು ತರಬೇತಿಯ ಮೊದಲ ಪಾಠ. ಭೇದಿ ನಿಂತ ಬಳಿಕವೂ ಎರಡು ದಿನ ದೂರವಿರುವುದು ಒಳ್ಳೆಯದು. ದಿನಗೂಲಿಯ ಹುಡುಗನೊಬ್ಬ ಈ ಪಾಠವನ್ನು ಶ್ರದ್ಧೆಯಿಂದ ಕೇಳಿದನೆನ್ನಿ. ಮರುವಾರ ಅವನಿಗೆ ಹೊಟ್ಟೆ ಕೆಟ್ಟಿತು. ನಿಜ ಹೇಳಿದರೆ ಮೂರು ದಿನದ ಕೂಲಿ ಹೋಯಿತು. ಅವನ ಜಾಗಕ್ಕೆ ಬೇರೆಯವನು ಬಂದರೆ ಕೆಲಸವೇ ಹೋಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವನು ಏನು ಮಾಡುತ್ತಾನೆಂಬುದನ್ನು ಊಹಿಸಲು ವಿಶೇಷ ಪಾಂಡಿತ್ಯ ಬೇಡ. ನಿಜ ಹೇಳಿದವನಿಗೆ ದಂಡ ವಿಧಿಸುವ ಏರ್ಪಾಡನ್ನು ಮಾಡಿಟ್ಟು, ಅವನಿಗೆ ಪ್ರಾಮಾಣಿಕತೆಯ ಉಪದೇಶ ಮಾಡುವುದು ನ್ಯಾಯವಲ್ಲ. ಮಾಲಿಕನು ಕೊಡುವ ಆ ಮೂರು ದಿನದ ಕೂಲಿ ಧರ್ಮಾರ್ಥವಲ್ಲ. ಅದು ಗಿರಾಕಿಗಳ ಆರೋಗ್ಯಕ್ಕೆ ಕಟ್ಟಿದ ಕಂತು. ಹಾಗೆಯೇ ಕೈ ತೊಳೆಯಿರೆಂದು ಹೇಳುವ ಮುನ್ನ ಒಲೆಯ ಬಳಿ ನಲ್ಲಿ, ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸಾಬೂನು, ಕೆಲಸಗಾರರಿಗೊಂದು ಒಳ್ಳೆಯ ಶೌಚಾಲಯ ಇವೆಯೇ ಎಂದು ನೋಡಬೇಕು.

ಇದೆಲ್ಲ ಆಗದ ಕೆಲಸವೆನ್ನುವವರಿಗೆ ನಮ್ಮಲ್ಲಿಯೇ ಉದಾಹರಣೆಯಿದೆ. ಬೆಂಗಳೂರಿನಲ್ಲಿ 1924ರಲ್ಲಿ ಮಯ್ಯ ಸಹೋದರರು ತೆರೆದ ಸಣ್ಣ ಹೋಟೆಲೇ ಮುಂದೆ ಎಂ.ಟಿ.ಆರ್. ಆಗಿ ಹೆಸರಾಯಿತು. ಅದನ್ನು ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯನವರು 1951ರಲ್ಲಿ ಯೂರೋಪಿನ ಹೋಟೆಲುಗಳನ್ನು ನೋಡಿಬಂದು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಕ್ರಮವನ್ನು ತಂದರು. ಗಿರಾಕಿಗಳು ಅಲ್ಲಿಯ ಅಡುಗೆಮನೆಯನ್ನು ಕಣ್ಣಾರೆ ನೋಡಿಹೋಗಬಹುದೆಂಬುದೂ ಪ್ರಸಿದ್ಧವಾಯಿತು. ಕಾಯಿದೆ ಹೇಳುವ ಮುನ್ನವೇ ಮಾಲಿಕನ ಮನಸ್ಸು ಹೇಳಿದ ಮಾತು ಅದು. ಪರರು ನೋಡುತ್ತಾರೆಂದು ತಿಳಿದ ಅಡುಗೆಮನೆ ತಾನಾಗಿಯೇ ಚೊಕ್ಕಟವಾಗುತ್ತದೆ.

ಇನ್ನು ಉಣ್ಣುವ ನಮ್ಮ ಪಾಲಿಗೆ ಬರುವ ಕೆಲಸ. ಮನೆಯಲ್ಲಿ ಮದುವೆಯ ಏರ್ಪಾಡಾದಾಗ ಅಡುಗೆ ಗುತ್ತಿಗೆದಾರರೊಂದಿಗೆ ಎಷ್ಟು ಬಗೆಯ ಸಿಹಿ, ತಲೆಗೆ ಎಷ್ಟು ರೂಪಾಯಿ ಎಂದು ಅರ್ಧ ದಿನ ಚರ್ಚಿಸುತ್ತೇವೆ. ಅದೇ ಮಾತಿನಲ್ಲಿ ಇನ್ನು ಮೂರನ್ನು ಸೇರಿಸಬಹುದು. ನೀರು ಎಲ್ಲಿಯದು? ಕೊನೆಯ ಪಂಕ್ತಿಗೆ ಬಡಿಸುವ ಅನ್ನ ಎಷ್ಟು ಹೊತ್ತಿಗೆ ಬೆಂದದ್ದು? ನಿಮ್ಮ ಹುಡುಗರಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಅವರಿಗೆ ಕೂಲಿ ಕೊಟ್ಟು ಮಲಗಿಸುತ್ತೀರಾ? ಮೂರನೆಯ ಪ್ರಶ್ನೆಗೆ ಗುತ್ತಿಗೆದಾರರು ಆಶ್ಚರ್ಯಪಟ್ಟಾರು. ಖರ್ಚು ಹೆಚ್ಚಾಗುತ್ತದೆ ಎಂದಾರು. ಆಗ ಕೊಡಲು ನಾವು ಸಿದ್ಧರಿರಬೇಕು. ಊಟದ ನಂತರ ಉಳಿದುದನ್ನು ಅನಾಥಾಲಯಕ್ಕೋ ವೃದ್ಧಾಶ್ರಮಕ್ಕೋ ಕಳುಹಿಸುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಅದನ್ನು ಬಿಸಿಯಾಗಿರುವಾಗಲೇ ಬೇರೆ ತೆಗೆದು ಕೂಡಲೆ ಕಳುಹಿಸಬೇಕು. ಸಂಜೆಯವರೆಗೆ ಹಂಡೆಯಲ್ಲಿಟ್ಟು, ನಾವು ಉಣ್ಣಲು ಹಿಂಜರಿಯುವುದನ್ನು ಮಕ್ಕಳಿಗೂ ಮುದುಕರಿಗೂ ಕಳುಹಿಸುವುದು ದಾನವಾಗಲಾರದು.

ಅನ್ನದಾತ ಎಂಬ ಪದವನ್ನು ನಾವು ರೈತನಿಗೆ ಸಲ್ಲಿಸುತ್ತೇವೆ, ಸರಿಯಾಗಿಯೇ ಸಲ್ಲಿಸುತ್ತೇವೆ. ಅನ್ನವನ್ನು ಬೇಯಿಸಿ ಬಡಿಸುವ ಅಪರಿಚಿತರನ್ನು ಮಾತ್ರ ಮಾಣಿ, ಸಪ್ಲೈಯರ್, ಕ್ಲೀನರ್ ಎಂದು ಕೂಗಿ ಕರೆಯುತ್ತೇವೆ. ಅವರ ಕೆಲಸ ವಿದ್ಯೆಯ ಕೆಲಸವೆಂದು ನಾವು ಒಪ್ಪಿಕೊಂಡಾಗ ಅವರೂ ಅದನ್ನು ವಿದ್ಯೆಯೆಂದು ಕಲಿಯುತ್ತಾರೆ. ನಾಳೆ ಬೆಳಿಗ್ಗೆ ಹೋಟೆಲಿಗೆ ಹೋದಾಗ, ಕೈ ತೊಳೆಯುವ ನಲ್ಲಿಯ ಬಳಿ ಸಾಬೂನಿದೆಯೇ ಎಂದು ಒಮ್ಮೆ ನೋಡಿ. ಇಲ್ಲದಿದ್ದರೆ ಮಾಲಿಕರನ್ನು ಸಮಾಧಾನದಿಂದ ಕೇಳಿ. ನಮಗೆ ಇಲ್ಲದ ಸಾಬೂನು ಒಳಗಿನವರಿಗೆ ಇದೆಯೇ ಎಂಬುದನ್ನೂ ಅದರ ಜೊತೆಗೇ ಕೇಳಿಬಿಡಿ.